ಹಿನ್ನೀರಿನ ಚಿಪ್ಪುಜೀವಿಗಳು

ಸ್ವಾತಿಯ ಮಳೆಹನಿಯು ಶುಕ್ತಿಯ ಗರ್ಭವನ್ನು ಸೇರಿ ಮುತ್ತಾಗುತ್ತದೆ ಎಂಬುದು ನಮ್ಮ ಪ್ರಾಚೀನರು ಒಪ್ಪಿಕೊಂಡು ಬಂದ ಕವಿಸಮಯ. ಯೋಗ್ಯವಾದ ವಸ್ತು ಯೋಗ್ಯವಾದ ಪಾತ್ರವನ್ನು ಸೇರಿದರೆ ಉಂಟಾಗುವ ಫಲಕ್ಕೆ ಇದನ್ನು ದೃಷ್ಟಾಂತವಾಗಿ ಕೊಟ್ಟ ಕವಿಗಳು ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಅನೇಕರಿದ್ದಾರೆ. ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಮುತ್ತು ಮಳೆಹನಿಯಿಂದ ಹುಟ್ಟುವುದಲ್ಲ. ಚಿಪ್ಪಿನ ಒಳಹೊಕ್ಕ ಪರಾವಲಂಬಿ ಕ್ರಿಮಿಯೋ ಬೇರಾವುದಾದರೂ ಕಣವೋ ಅಲ್ಲಿಯ ಮೃದುವಾದ ಅಂಗಾಂಶವನ್ನು ಕೆಣಕಿದಾಗ, ಅದರ ಸುತ್ತ ಪದರಪದರವಾಗಿ ಸೇರಿಕೊಳ್ಳುವ ಹೊಳಪಿನ ದ್ರವ್ಯವೇ ಮುತ್ತು. ಮುತ್ತಿನ ಚಿಪ್ಪು ವಾಸಿಸುವುದೂ ಮನ್ನಾರ್ ಖಾರಿಯಂತಹ ತುಂಬು ಉಪ್ಪಿನ ಕಡಲಿನಲ್ಲಿ. ಮಳೆಯ ನೀರು ಅದಕ್ಕೆ ಹಿತವಾದುದಲ್ಲ.

ಆದರೂ ಆ ಕವಿಸಮಯವನ್ನು ಕೇವಲ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಚಿಪ್ಪುಜೀವಿಯ ಬಾಳು ಆಕಾಶದ ನೀರಿನೊಡನೆಯೂ ಋತುಚಕ್ರದೊಡನೆಯೂ ಹೆಣೆದುಕೊಂಡಿದೆ ಎಂಬ ತಿಳಿವಳಿಕೆ ಅದರಲ್ಲಿ ಅಡಗಿದೆ. ಮುತ್ತಿನ ಚಿಪ್ಪಿಗಿಂತ ಹೆಚ್ಚಾಗಿ ಈ ಮಾತು ಸಲ್ಲುವುದು ಅದರ ಬಡಬಂಧುಗಳಿಗೆ. ಎಂದರೆ ಕಡಲಂಚಿನ ಹಿನ್ನೀರುಗಳಲ್ಲಿ ಕೆಸರು ಮರಳುಗಳ ನಡುವೆ ಹುದುಗಿಕೊಂಡು ಬಾಳುವ ಸಾಮಾನ್ಯ ಚಿಪ್ಪುಜೀವಿಗಳಿಗೆ. ಇವುಗಳಲ್ಲಿ ಮುತ್ತು ದೊರೆಯುವುದಿಲ್ಲವಾದರೂ ಇವುಗಳನ್ನು ಆಯ್ದು ಜೀವನ ನಡೆಸುವ ಸಂಸಾರಗಳು ಸಾವಿರಾರು ಇವೆ. ಈ ಜೀವಿಗಳು ಹೇಗೆ ಬೆಳೆಯುತ್ತವೆ, ಹಿನ್ನೀರಿನ ಯಾವ ಯಾವ ಸ್ಥಿತಿಗಳು ಅವುಗಳ ಬೆಳವಣಿಗೆಗೆ ಪೋಷಕ, ಯಾವುವು ಮಾರಕ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಎರಡು ಕದಗಳ ಮನೆ

ಮೆತ್ತನೆಯ ಮೈಯುಳ್ಳ, ಎಲುಬಿಲ್ಲದ ಪ್ರಾಣಿಗಳ ಒಂದು ದೊಡ್ಡ ವರ್ಗಕ್ಕೆ ಮೃದ್ವಂಗಿಗಳೆಂದು ಹೆಸರು. ಶಂಖ, ಬಸವನಹುಳು ಮೊದಲಾದವು ಈ ವರ್ಗಕ್ಕೆ ಸೇರಿದವು. ಇವುಗಳಲ್ಲಿ ಎರಡು ಚಿಪ್ಪುಗಳ ನಡುವೆ ವಾಸಿಸುವ ಜೀವಿಗಳನ್ನು ದ್ವಿಕವಾಟಿಗಳೆನ್ನಬಹುದು. ಕವಾಟವೆಂದರೆ ಕದ. ಎರಡು ಕದಗಳುಳ್ಳ ಬಾಗಿಲಿನಂತೆ ಇವುಗಳ ಚಿಪ್ಪುಗಳು ಒಂದು ಅಂಚಿನಲ್ಲಿ ಕೂಡಿಕೊಂಡು, ಮತ್ತೊಂದು ಅಂಚಿನಲ್ಲಿ ತೆರೆದುಕೊಳ್ಳುತ್ತವೆ. ಆಡುಮಾತಿನಲ್ಲಿ ಇವುಗಳಿಗೆ ಕಪ್ಪೆಚಿಪ್ಪು ಎಂಬ ಹೆಸರುಂಟು. ಉತ್ತರ ಕನ್ನಡದ ಕರಾವಳಿಯಲ್ಲಿ ಬಳಚು ಎಂದೂ ತುಳುನಾಡಿನಲ್ಲಿ ಮರುವಾಯಿ ಎಂದೂ ಕರೆಯುವುದು ಇವುಗಳಲ್ಲಿಯೇ ಕೆಲವು ಬಗೆಗಳನ್ನು. ಮಲಯಾಳದಲ್ಲಿ ಇವು ಕಕ್ಕ.

ಕದಗಳನ್ನು ಮುಚ್ಚಲು ಇವಕ್ಕೆ ಬಲವಾದ ಸ್ನಾಯುಗಳಿವೆ. ಕೀಲಿನ ಬಳಿಯ ಸ್ಥಿತಿಸ್ಥಾಪಕ ಬಂಧವು ಕದಗಳನ್ನು ಸದಾ ತೆರೆಯುವಂತೆ ಒತ್ತುತ್ತಿರುತ್ತದೆ. ಸ್ನಾಯುಗಳು ಬಿಗಿದಾಗ ಮಾತ್ರ ಕದ ಮುಚ್ಚುತ್ತದೆ. ಆದುದರಿಂದ ಮುಚ್ಚಿಕೊಂಡಿರುವುದಕ್ಕೆ ಪ್ರಾಣಿಯು ಶ್ರಮಪಡಬೇಕು. ಸತ್ತ ಚಿಪ್ಪು ತಾನಾಗಿ ಬಾಯಿ ಬಿಡುವುದು ಈ ಕಾರಣದಿಂದಲೇ.

ಬಾಯೊಳಗೆ ಹಲ್ಲಿಲ್ಲದ, ಬೇಟೆಯನ್ನು ಅಟ್ಟಿಸಿಕೊಂಡು ಹೋಗಲು ಸಾಮರ್ಥ್ಯವಿಲ್ಲದ ಈ ಜೀವಿ ಉಣ್ಣುವ ಬಗೆ ವಿಶಿಷ್ಟವಾದುದು. ಮರಳಿನಲ್ಲಿ ಹುದುಗಿರುವ ಚಿಪ್ಪು ತನ್ನ ಎರಡು ನಾಳಗಳನ್ನು ಮೇಲಕ್ಕೆ ಚಾಚುತ್ತದೆ. ಒಂದರ ಮೂಲಕ ನೀರನ್ನು ಒಳಕ್ಕೆ ಸೆಳೆದುಕೊಂಡು, ಇನ್ನೊಂದರ ಮೂಲಕ ಹೊರಕ್ಕೆ ಬಿಡುತ್ತದೆ. ನಡುವೆ ಇರುವ ಕಿವಿರುಗಳು ಜರಡಿಯಂತೆ ಕೆಲಸ ಮಾಡಿ, ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಸಸ್ಯಪ್ಲವಕಗಳನ್ನು ಹಿಡಿದು ಬಾಯಿಗೆ ಸಾಗಿಸುತ್ತವೆ. ಉಸಿರಾಡಲು ಬೇಕಾದ ಪ್ರಾಣವಾಯುವನ್ನು ಹೀರುವುದೂ ಆ ಕಿವಿರುಗಳೇ. ಹೀಗೆ ಊಟ, ಉಸಿರು ಎರಡಕ್ಕೂ ಒಂದೇ ದಾರಿ. ಕದ ಮುಚ್ಚಿದರೆ ಎರಡೂ ನಿಂತಂತೆ. ಹಿನ್ನೀರಿನ ಸ್ಥಿತಿಗತಿಗಳು ಇದರ ಬೆಳವಣಿಗೆಯನ್ನು ಏಕೆ ಅಷ್ಟು ಪ್ರಬಲವಾಗಿ ನಿಯಂತ್ರಿಸುತ್ತವೆ ಎಂಬುದಕ್ಕೆ ಇದೇ ಮೂಲಕಾರಣ.

ಚಿಪ್ಪನ್ನು ನಿರ್ಮಿಸುವುದು ಮೈಯನ್ನು ಆವರಿಸಿರುವ ತೆಳುವಾದ ಹೊದಿಕೆಪೊರೆ. ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿಕೊಂಡು ಅದು ಚಿಪ್ಪಿನ ಅಂಚಿಗೆ ಹೊಸ ಪದರವನ್ನು ಸೇರಿಸುತ್ತ ಹೋಗುತ್ತದೆ. ಹಿತವಾದ ಕಾಲದಲ್ಲಿ ಅಗಲವಾದ ಪಟ್ಟಿಯೂ, ಕಷ್ಟಕಾಲದಲ್ಲಿ ಇಕ್ಕಟ್ಟಾದ ಗೆರೆಯೂ ಮೂಡುತ್ತವೆ. ಮರವನ್ನು ಅಡ್ಡಲಾಗಿ ಕೊಯ್ದಾಗ ಕಾಣುವ ಉಂಗುರಗಳಂತೆ ಚಿಪ್ಪಿನ ಬೆನ್ನಿನ ಮೇಲಿನ ಈ ಗೆರೆಗಳು ಅದರ ಬಾಳಿನ ಚರಿತ್ರೆಯನ್ನು ಹೇಳುತ್ತವೆ. ಶೀತದೇಶಗಳಲ್ಲಿ ಈ ಗೆರೆಗಳು ಬಹುಮಟ್ಟಿಗೆ ಚಳಿಗಾಲದ ಗುರುತು. ನಮ್ಮಂತಹ ಉಷ್ಣದೇಶಗಳಲ್ಲಿ ಮಳೆಗಾಲದ ಸಿಹಿನೀರಿನ ಹೊಡೆತವೂ ಗೆರೆಯಾಗಿ ಉಳಿಯಬಲ್ಲದು.

ಹಿನ್ನೀರಿನ ಸ್ವರೂಪ

ಕನ್ನಡದಲ್ಲಿ ಹಿನ್ನೀರು ಎಂಬ ಶಬ್ದವು ಅಣೆಕಟ್ಟಿನ ಹಿಂದೆ ನಿಂತ ಜಲರಾಶಿಗೂ ಸಲ್ಲುತ್ತದೆ. ಇಲ್ಲಿ ವಿವಕ್ಷಿತವಾದುದು ಅದಲ್ಲ. ಸಮುದ್ರದ ಅಲೆಗಳು ತಂದು ಒಡ್ಡಿದ ಮರಳಿನ ದಿಬ್ಬದ ಹಿಂದೆ, ಕಡಲಿನಿಂದ ಬೇರ್ಪಟ್ಟೂ ಬೇರ್ಪಡದಂತೆ, ಒಂದೋ ಎರಡೋ ಕಿರಿದಾದ ಬಾಯಿಗಳ ಮೂಲಕ ಅದರೊಡನೆ ಸಂಬಂಧ ಇಟ್ಟುಕೊಂಡಿರುವ ಆಳವಿಲ್ಲದ ಜಲರಾಶಿಯೇ ಈ ಹಿನ್ನೀರು. ಇಂಗ್ಲಿಷಿನಲ್ಲಿ ಇದನ್ನು ಲಗೂನ್ ಎನ್ನುತ್ತಾರೆ. ಮಲಯಾಳಿಗಳು ಕಾಯಲು ಎನ್ನುತ್ತಾರೆ. ಒಡಿಶಾದ ಚಿಲಿಕಾ, ಆಂಧ್ರ ಮತ್ತು ತಮಿಳುನಾಡುಗಳ ಗಡಿಯಲ್ಲಿರುವ ಪುಲಿಕಾಟ್, ಕೇರಳದ ವೇಂಬನಾಡು ಮತ್ತು ಅಷ್ಟಮುಡಿ ನಮ್ಮ ದೇಶದ ಪ್ರಸಿದ್ಧ ಹಿನ್ನೀರುಗಳು.

ಹಿನ್ನೀರಿಗೆ ಇಬ್ಬರು ಒಡೆಯರು. ಒಂದು ಕಡೆಯಿಂದ ನದಿಗಳು ಸಿಹಿನೀರನ್ನೂ ಮೆಕ್ಕಲು ಮಣ್ಣನ್ನೂ ತಂದು ಸುರಿಯುತ್ತವೆ. ಇನ್ನೊಂದು ಕಡೆಯಿಂದ ದಿನಕ್ಕೆ ಎರಡು ಸಲ ಉಬ್ಬರವು ಉಪ್ಪುನೀರನ್ನು ಒಳಕ್ಕೆ ನೂಕುತ್ತದೆ. ಇಳಿತವು ಅದನ್ನು ಹಿಂದಕ್ಕೆ ಸೆಳೆಯುತ್ತದೆ. ಮಳೆಗಾಲದಲ್ಲಿ ನದಿಯದು ಮೇಲುಗೈ, ಬೇಸಗೆಯಲ್ಲಿ ಕಡಲಿನದು. ಇವೆರಡರ ನಡುವಣ ಹಗ್ಗಜಗ್ಗಾಟದಲ್ಲಿ ಹಿನ್ನೀರಿನ ರುಚಿ ತಿಂಗಳಿಂದ ತಿಂಗಳಿಗೆ, ಎಷ್ಟೋ ವೇಳೆ ಗಳಿಗೆಯಿಂದ ಗಳಿಗೆಗೆ ಬದಲಾಗುತ್ತದೆ. ಮೀನಾದರೆ ತನಗೆ ಒಗ್ಗುವ ನೀರನ್ನು ಹುಡುಕಿಕೊಂಡು ಈಜಿ ಹೋಗಬಲ್ಲದು. ಮಣ್ಣಿನಲ್ಲಿ ನೆಲೆಸಿದ ಚಿಪ್ಪಿಗೆ ಆ ಭಾಗ್ಯವಿಲ್ಲ. ಬಂದ ನೀರನ್ನು ಅದು ಸಹಿಸಬೇಕು, ಇಲ್ಲವೇ ಸಾಯಬೇಕು.

ಉಪ್ಪಿನ ಅಳತೆ

ತೆರೆದ ಸಮುದ್ರದ ಸಾವಿರ ಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಇದನ್ನೇ ಸಾವಿರಕ್ಕೆ 35 ಭಾಗ ಲವಣತೆ ಎನ್ನುವುದು. ಹಿನ್ನೀರಿನ ಕಡಲಬಾಯಿಯಲ್ಲಿ ಬೇಸಗೆಯಲ್ಲಿ ಲವಣತೆ ಇದರ ಸಮೀಪಕ್ಕೆ ಏರುತ್ತದೆ. ಭರಮಳೆಯ ಕಾಲದಲ್ಲಿ ನದಿಯ ತುದಿಯಲ್ಲಿ ಅದು ಶೂನ್ಯಕ್ಕೆ ಇಳಿಯುತ್ತದೆ.

ಚಿಪ್ಪುಜೀವಿಯ ರಕ್ತದ ಲವಣಾಂಶವು ಬಹುಮಟ್ಟಿಗೆ ಹೊರಗಿನ ನೀರಿನ ಲವಣಾಂಶವನ್ನೇ ಅನುಸರಿಸುತ್ತದೆ. ಹೊರಗಿನ ನೀರು ಇದ್ದಕ್ಕಿದ್ದಂತೆ ಸಪ್ಪೆಯಾದರೆ, ಒಣಗಿದ ಕಡಲೆಯನ್ನು ನೀರಿನಲ್ಲಿ ನೆನೆಹಾಕಿದಾಗ ಅದು ಉಬ್ಬುವಂತೆ, ಜೀವಕೋಶಗಳೊಳಕ್ಕೆ ನೀರು ನುಗ್ಗಿ ಅವು ಉಬ್ಬತೊಡಗುತ್ತವೆ. ಈ ಅಪಾಯದಿಂದ ಪಾರಾಗಲು ಜೀವಿಯು ಎರಡು ಉಪಾಯಗಳನ್ನು ಅನುಸರಿಸುತ್ತದೆ. ಮೊದಲನೆಯದು ತಕ್ಷಣದ ಉಪಾಯ: ಕದ ಮುಚ್ಚಿಕೊಳ್ಳುವುದು. ಎರಡನೆಯದು ನಿಧಾನದ ಉಪಾಯ: ಕೋಶಗಳಲ್ಲಿ ಕರಗಿರುವ ಅಮೈನೋ ಆಮ್ಲಗಳ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿಕೊಂಡು ಹೊರಗಿನ ನೀರಿಗೆ ಹೊಂದಿಕೊಳ್ಳುವುದು. ಎರಡಕ್ಕೂ ಬೆಲೆ ತೆರಬೇಕು. ಕದ ಮುಚ್ಚಿಕೊಂಡಷ್ಟು ಕಾಲ ಊಟವಿಲ್ಲ. ಪ್ರಾಣವಾಯುವಿಲ್ಲದೆ ಒಳಗಿನ ದಾಸ್ತಾನನ್ನೇ ಕರಗಿಸಿಕೊಂಡು ಬದುಕಬೇಕು. ಹೊಂದಾಣಿಕೆಗೆ ವ್ಯಯವಾದ ಶಕ್ತಿಯು ಬೆಳವಣಿಗೆಗೆ ಒದಗುವುದಿಲ್ಲ. ಹೀಗಾಗಿ ಲವಣತೆಯು ಪದೇ ಪದೇ ಏರಿಳಿಯುವ ಸ್ಥಳದಲ್ಲಿ ಚಿಪ್ಪು ಬದುಕಿದ್ದರೂ ಕುಳ್ಳಾಗಿ ಉಳಿಯಬಹುದು.

ಎಲ್ಲ ಜಾತಿಗಳ ಸಹನಶಕ್ತಿಯೂ ಒಂದೇ ಸಮನಲ್ಲ. ಪಾಫಿಯಾ ಮಲಬಾರಿಕ ಎಂಬ ಹಳದಿ ಛಾಯೆಯ ಕಪ್ಪೆಚಿಪ್ಪು ಹೆಚ್ಚು ಉಪ್ಪನ್ನು ಬಯಸಿ ಕಡಲಬಾಯಿಯ ಹತ್ತಿರದ ಮರಳಿನಲ್ಲಿ ನೆಲೆಸುತ್ತದೆ. ಮೆರೆಟ್ರಿಕ್ಸ್ ಕಾಸ್ಟ ಎಂಬುದು ಲವಣತೆಯ ವಿಶಾಲವಾದ ವ್ಯಾಪ್ತಿಯನ್ನು ಸಹಿಸಿ ನಡುವಣ ಭಾಗಗಳಲ್ಲಿ ಬಾಳುತ್ತದೆ. ವಿಲ್ಲೊರಿಟ ಸಿಪ್ರಿನಾಯ್ಡಿಸ್ ಎಂಬ ಕರಿಯ ಕಪ್ಪೆಚಿಪ್ಪು ನದಿಯ ಕಡೆಗೆ ಸರಿದು, ಹೆಚ್ಚುಕಡಿಮೆ ಸಿಹಿಯಾದ ನೀರಿನಲ್ಲಿಯೂ ಜೀವಿಸಬಲ್ಲದು. ಒಂದು ಹಿನ್ನೀರಿನ ತಳದಲ್ಲಿ ಯಾವ ಚಿಪ್ಪು ಎಲ್ಲಿ ದೊರೆಯುತ್ತದೆ ಎಂಬುದನ್ನು ಗುರುತಿಸಿದರೆ, ಆ ನೀರಿನ ಲವಣತೆಯ ನಕ್ಷೆಯನ್ನೇ ಬರೆದಂತಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಬದುಕಿರುವುದು ಬೇರೆ, ಸಂತಾನ ಬೆಳೆಸುವುದು ಬೇರೆ. ಗಂಡುಹೆಣ್ಣು ಚಿಪ್ಪುಗಳು ತಮ್ಮ ಬೀಜಾಣುಗಳನ್ನೂ ಅಂಡಗಳನ್ನೂ ನೀರಿಗೇ ಬಿಡುತ್ತವೆ. ಅವು ಕೂಡಿ ಹುಟ್ಟಿದ ಲಾರ್ವಗಳು ಹಲವು ದಿನಗಳ ಕಾಲ, ಕೆಲವು ಜಾತಿಗಳಲ್ಲಿ ಎರಡು ಮೂರು ವಾರಗಳ ಕಾಲ, ನೀರಿನಲ್ಲಿ ತೇಲಾಡಿ, ಅನಂತರ ತಕ್ಕ ನೆಲವನ್ನು ಕಂಡು ತಳಕ್ಕೆ ಇಳಿದು ಮರಿಚಿಪ್ಪುಗಳಾಗುತ್ತವೆ. ಈ ಎಳೆಯ ದೆಸೆಯು ಬೆಳೆದ ಚಿಪ್ಪಿಗಿಂತ ಬಹಳ ನಾಜೂಕಾದುದು. ಸಿಹಿನೀರಿನಲ್ಲಿ ಬಾಳಬಲ್ಲ ಕರಿಯ ಕಪ್ಪೆಚಿಪ್ಪಿಗೆ ಸಹ ಸಂತಾನೋತ್ಪತ್ತಿಗೆ ಸಾವಿರಕ್ಕೆ ಸುಮಾರು 10ರಿಂದ 12 ಭಾಗ ಲವಣತೆ ಬೇಕು. ತಾಯಿಯು ಸಹಿಸುವ ನೀರನ್ನು ಮಗು ಸಹಿಸದು. ಈ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ವೇಂಬನಾಡಿನ ಕಥೆ ಸುಲಭವಾಗಿ ತಿಳಿಯುತ್ತದೆ.

ಆಹಾರ, ಪ್ರಾಣವಾಯು, ತಳದ ಮಣ್ಣು

ಲವಣತೆಯೊಂದೇ ಬೆಳವಣಿಗೆಯನ್ನು ನಿರ್ಧರಿಸುವುದಿಲ್ಲ. ನದಿಯು ತರುವ ಪೋಷಕಾಂಶಗಳಿಂದ ಸಸ್ಯಪ್ಲವಕಗಳು ಸಮೃದ್ಧವಾಗಿ ಬೆಳೆಯುತ್ತವೆ. ಆಳವಿಲ್ಲದ ನೀರಿನಲ್ಲಿ ಬಿಸಿಲು ತಳದವರೆಗೂ ತಲುಪುವುದರಿಂದ ಈ ಬೆಳೆ ಇನ್ನಷ್ಟು ಹುಲುಸು. ಉಬ್ಬರವಿಳಿತಗಳ ಹರಿವು ಹೊಸ ನೀರನ್ನು, ಅದರೊಡನೆ ಹೊಸ ಆಹಾರವನ್ನು, ಕುಳಿತಲ್ಲಿಗೇ ತಂದು ಒದಗಿಸುತ್ತದೆ. ಚಿಪ್ಪುಜೀವಿಗಳು ಹಿನ್ನೀರುಗಳಲ್ಲಿ ಅಷ್ಟು ದಟ್ಟವಾಗಿ ಬೆಳೆಯಲು ಇದೇ ಕಾರಣ. ನೀರು ನಿಂತುಹೋದರೆ ಚಿಪ್ಪು ತನ್ನ ಸುತ್ತಲಿನ ಆಹಾರವನ್ನು ಬೇಗನೆ ಮುಗಿಸಿಬಿಡುತ್ತದೆ, ಮತ್ತೆ ಬಡಿಸುವವರಿಲ್ಲ.

ಆದರೆ ಪೋಷಕಾಂಶಗಳು ಮಿತಿಮೀರಿದರೆ ಅಮೃತವೇ ವಿಷವಾಗುತ್ತದೆ. ಹೊಲದ ಗೊಬ್ಬರ, ಊರಿನ ಕೊಳಚೆ ಸೇರಿದ ನೀರಿನಲ್ಲಿ ಪಾಚಿ ವಿಪರೀತವಾಗಿ ಬೆಳೆದು, ಸತ್ತು, ಕೊಳೆಯುವಾಗ ನೀರಿನ ಪ್ರಾಣವಾಯುವನ್ನೆಲ್ಲ ಹೀರಿಬಿಡುತ್ತದೆ. ಹಗುರವಾದ ಸಿಹಿನೀರು ಮೇಲೆ, ಭಾರವಾದ ಉಪ್ಪುನೀರು ಕೆಳಗೆ ಪದರಗಳಾಗಿ ನಿಂತಾಗ ಮೇಲಿನ ಗಾಳಿ ತಳಕ್ಕೆ ಇಳಿಯುವುದಿಲ್ಲ. ಬಿಸಿಯೂ ಇದಕ್ಕೆ ಸಹಕಾರಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಪ್ರಾಣವಾಯು ಕಡಿಮೆ, ಚಿಪ್ಪಿನ ಉಸಿರಿನ ಅಗತ್ಯ ಮಾತ್ರ ಹೆಚ್ಚು. ಇದು ನಮ್ಮ ದೇಶಕ್ಕೆ ಸೀಮಿತವಾದ ವ್ಯಾಧಿಯಲ್ಲ. ಫ್ರಾನ್ಸಿನ ದಕ್ಷಿಣ ತೀರದಲ್ಲಿರುವ ಥೋ ಎಂಬ ಹಿನ್ನೀರು ಚಿಪ್ಪುಕೃಷಿಗೆ ಹೆಸರಾದುದು. 2018ರ ಬೇಸಗೆಯ ತೀವ್ರವಾದ ಬಿಸಿಯಲ್ಲಿ ಅಲ್ಲಿಯ ನೀರು ಪ್ರಾಣವಾಯುವಿಲ್ಲದೆ ಕೆಟ್ಟು, ಕೃಷಿಕರು ಸಾಕಿದ ಚಿಪ್ಪುಗಳು ಅಪಾರ ಸಂಖ್ಯೆಯಲ್ಲಿ ಸತ್ತವು. ಈ ಉತ್ಪಾತಕ್ಕೆ ಆ ಸೀಮೆಯ ಜನರು ಬಹು ಹಿಂದಿನಿಂದಲೂ ಮಲೈಗ್ ಎಂದು ಹೆಸರಿಟ್ಟಿದ್ದಾರೆ. ಕೆಟ್ಟ ನೀರು ಎಂಬುದೇ ಆ ಪದದ ಅರ್ಥ.

ಕೇರಳದ ಹಿನ್ನೀರುಗಳಲ್ಲಿ ತೆಂಗಿನ ನಾರಿಗಾಗಿ ಸಿಪ್ಪೆಯನ್ನು ಕೊಳೆಹಾಕುವ ಪದ್ಧತಿ ಪುರಾತನವಾದುದು. ಅದೂ ಇದೇ ಬಗೆಯ ಫಲವನ್ನು ಕೊಡುತ್ತದೆ. ಕೊಳೆಯುವ ಸಿಪ್ಪೆಯು ಪ್ರಾಣವಾಯುವನ್ನು ಹೀರಿ, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡನ್ನು ಹೊರಬಿಡುತ್ತದೆ. ಅಂತಹ ಸ್ಥಳಗಳಲ್ಲಿ ತಳದ ಜೀವಿಗಳು ಉಳಿಯುವುದು ದುರ್ಲಭ.

ತಳದ ಮಣ್ಣಿನ ಗುಣವೂ ಮುಖ್ಯವೇ. ಮರಳು ಬೆರೆತ ನೆಲದಲ್ಲಿ ಚಿಪ್ಪು ಸುಲಭವಾಗಿ ಹುದುಗಿಕೊಳ್ಳುತ್ತದೆ; ಕಣಗಳ ನಡುವೆ ನೀರಾಡುತ್ತದೆ. ನುಣುಪಾದ ಕೆಸರು ಹೆಚ್ಚಾದರೆ ಕಿವಿರಿನ ಜರಡಿ ಕಟ್ಟಿಕೊಳ್ಳುತ್ತದೆ. ಬೇಡದ ಮಣ್ಣನ್ನು ಲೋಳೆಯಲ್ಲಿ ಸುತ್ತಿ ಹೊರಹಾಕುವುದರಲ್ಲಿಯೇ ಜೀವಿಯ ಶಕ್ತಿ ಸೋರಿಹೋಗುತ್ತದೆ. ಮಣ್ಣು ಹುಳಿಯಾಗಿದ್ದರೆ ಇನ್ನೊಂದು ಕಷ್ಟ: ಆಮ್ಲವು ಸುಣ್ಣವನ್ನು ಕರಗಿಸುವುದರಿಂದ ಚಿಪ್ಪು ತೆಳುವಾಗುತ್ತದೆ.

ಚಿಪ್ಪುಗಳು ಹಿನ್ನೀರಿನಿಂದ ಪಡೆಯುವುದು ಮಾತ್ರವಲ್ಲ, ಅದಕ್ಕೆ ಮರಳಿ ಕೊಡುವುದೂ ಉಂಟು. ಸೋಸಿ ಹೊರಬಿಟ್ಟ ನೀರು ತಿಳಿಯಾಗುತ್ತದೆ. ತಿಳಿನೀರಿನಲ್ಲಿ ಬಿಸಿಲು ತಳಕ್ಕೆ ಇಳಿಯುತ್ತದೆ. ಚಿಪ್ಪುಗಳ ರಾಶಿಯು ಏಡಿಗೆ, ಸಿಗಡಿಗೆ, ಮರಿಮೀನಿಗೆ ಆಶ್ರಯವಾಗುತ್ತದೆ. ಚಿಪ್ಪುಗಳು ನಾಶವಾದ ಹಿನ್ನೀರು, ಕಸಗುಡಿಸುವವರಿಲ್ಲದ ಮನೆಯಂತೆ.

ವೇಂಬನಾಡಿನ ನಿದರ್ಶನ

ಇಷ್ಟು ಹೊತ್ತು ಹೇಳಿದ ತತ್ತ್ವಗಳು ಮನುಷ್ಯನ ಬಾಳಿನಲ್ಲಿ ಹೇಗೆ ಫಲಿಸುತ್ತವೆ ಎಂಬುದಕ್ಕೆ ಕೇರಳದ ವೇಂಬನಾಡು ಹಿನ್ನೀರು ಉತ್ತಮವಾದ ನಿದರ್ಶನ. ಕೊಚ್ಚಿಯಿಂದ ಆಲಪ್ಪುಳದವರೆಗೆ ಉದ್ದಕ್ಕೆ ಚಾಚಿಕೊಂಡಿರುವ ಈ ಜಲರಾಶಿಗೆ ದಕ್ಷಿಣದಲ್ಲಿ ಪಂಪಾ, ಮಣಿಮಲ, ಅಚ್ಚನ್‌ಕೋವಿಲ್, ಮೀನಚ್ಚಿಲ್ ನದಿಗಳು ನೀರು ತರುತ್ತವೆ. ಉತ್ತರದಲ್ಲಿ ಕೊಚ್ಚಿಯ ಬಾಯಿಯಿಂದ ಕಡಲು ಪ್ರವೇಶಿಸುತ್ತದೆ. ಕರಿಯ ಕಪ್ಪೆಚಿಪ್ಪಿಗೆ ಇದು ತವರುಮನೆ. ದೋಣಿಯ ಮೇಲೆ ನಿಂತು ಉದ್ದನೆಯ ಗಳುವಿನ ಬಲೆಯಿಂದ ತಳವನ್ನು ಗೋರಿಯೋ, ನೀರಿನಲ್ಲಿ ಮುಳುಗಿ ಕೈಯಿಂದ ಆಯ್ದೋ ಚಿಪ್ಪನ್ನು ಮೇಲೆ ತರುತ್ತಾರೆ. ದಡದ ಮೇಲೆ ಅದನ್ನು ಬೇಯಿಸಿ, ಜರಡಿಯಾಡಿಸಿ, ಮಾಂಸವನ್ನು ಬೇರ್ಪಡಿಸುವ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು. ಉಳಿದ ಚಿಪ್ಪು ಸುಣ್ಣಕ್ಕೆ ಹೋಗುತ್ತದೆ. ತಲೆತಲಾಂತರಗಳಿಂದ ತಳದಲ್ಲಿ ಹೂತುಹೋದ ಬಿಳಿಯ ಚಿಪ್ಪಿನ ನಿಕ್ಷೇಪಗಳನ್ನು ತೋಡಿ ತೆಗೆದು ಬಿಳಿಯ ಸಿಮೆಂಟನ್ನು ತಯಾರಿಸಿದ ಉದ್ಯಮವೂ ಇಲ್ಲಿಯದೇ.

ಈ ಹಿನ್ನೀರಿನ ದಕ್ಷಿಣಕ್ಕೆ ಕುಟ್ಟನಾಡು. ಸಮುದ್ರಮಟ್ಟಕ್ಕಿಂತ ಕೆಳಗಿರುವ ನೆಲವನ್ನು ನೀರಿನಿಂದ ಬಿಡಿಸಿಕೊಂಡು, ಸುತ್ತಲೂ ಒಡ್ಡು ಕಟ್ಟಿ, ಬತ್ತ ಬೆಳೆಯುವ ಅಪೂರ್ವವಾದ ಸೀಮೆ ಇದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2013ರಲ್ಲಿ ಇದನ್ನು ಜಾಗತಿಕ ಮಹತ್ತ್ವದ ಕೃಷಿಪರಂಪರೆಯೆಂದು ಮನ್ನಿಸಿತು. ಮಳೆಗಾಲ ಕಳೆದ ಮೇಲೆ ಹಿನ್ನೀರಿನ ಉಪ್ಪು ಏರಿ ಈ ಗದ್ದೆಗಳನ್ನು ಕೆಡಿಸುತ್ತಿತ್ತು. ಅದನ್ನು ತಡೆಯುವುದಕ್ಕಾಗಿ ತಣ್ಣೀರ್‌ಮುಕ್ಕಂ ಎಂಬಲ್ಲಿ ಹಿನ್ನೀರಿಗೆ ಅಡ್ಡಲಾಗಿ ಬಾಗಿಲುಗಳುಳ್ಳ ಒಡ್ಡನ್ನು ಕಟ್ಟಿದರು. ಇದು 1976ರಲ್ಲಿ ಬಳಕೆಗೆ ಬಂದಿತು. ಡಿಸೆಂಬರಿನ ನಡುವೆ ಬಾಗಿಲು ಮುಚ್ಚಿ ಮಾರ್ಚಿಯ ನಡುವೆ ತೆರೆಯಬೇಕೆಂಬುದು ಮೂಲ ಯೋಜನೆ. ಬಿತ್ತನೆ ತಡವಾದ ವರ್ಷಗಳಲ್ಲಿ ಕೊಯ್ಲೂ ತಡವಾಗಿ, ಬಾಗಿಲು ತೆರೆಯುವುದು ಏಪ್ರಿಲಿಗೂ ಅದರಾಚೆಗೂ ಮುಂದೆ ಹೋದುದುಂಟು.

ಒಡ್ಡಿನಿಂದ ಬತ್ತಕ್ಕೆ ರಕ್ಷಣೆ ದೊರೆಯಿತು. ಆದರೆ ಬೇಸಗೆಯ ಉಪ್ಪು ಗದ್ದೆಗೆ ಶತ್ರುವಾಗಿದ್ದಂತೆಯೇ ಚಿಪ್ಪಿಗೆ ಮಿತ್ರವಾಗಿತ್ತು. ಒಡ್ಡಿನ ದಕ್ಷಿಣದ ನೀರು ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ ಸಿಹಿಯಾಗಿಯೇ ಉಳಿಯಿತು. ಕರಿಯ ಕಪ್ಪೆಚಿಪ್ಪು ಅಲ್ಲಿ ಸಾಯಲಿಲ್ಲ. ಆದರೆ ಅದರ ಸಂತಾನಕ್ಕೆ ಬೇಕಾದ ಲವಣತೆ ಬೇಕಾದ ಕಾಲಕ್ಕೆ ಒದಗದಾಯಿತು. ಕರಿಯ ಕಪ್ಪೆಚಿಪ್ಪಿನ ಸಂತಾನಕಾಲಗಳಲ್ಲಿ ಒಂದು ಜನವರಿಯಿಂದ ಮಾರ್ಚಿಯವರೆಗೆ. ಬಾಗಿಲು ಮುಚ್ಚಿರುವುದೂ ಆಗಲೇ. ಉಬ್ಬರವಿಳಿತಗಳ ಹರಿವು ನಿಂತುದರಿಂದ ಗದ್ದೆಗಳ ಗೊಬ್ಬರ, ಔಷಧಗಳ ಅಂಶ, ಊರುಗಳ ಕೊಳಚೆ ಅಲ್ಲಿಯೇ ಸಂಗ್ರಹವಾದವು. ಉಪ್ಪುನೀರು ಬಂದಾಗ ಸಾಯುತ್ತಿದ್ದ ಅಂತರಗಂಗೆ ಮೊದಲಾದ ನೀರುಕಳೆಗಳು ಹಬ್ಬಿಕೊಂಡವು. ಇನ್ನು ಕುಟ್ಟನಾಡಿನ ಕೆಲವು ಭಾಗಗಳಲ್ಲಿರುವ ಕರಿಮಣ್ಣು ಸ್ವಭಾವತಃ ಹುಳಿ. ಅದರ ಬಸಿನೀರು ಸೇರುವುದೂ ಇಲ್ಲಿಗೇ. ಉಪ್ಪುನೀರಿಗೆ ಇಳಿದು ಮರಿಮಾಡಿ ಹಿಂದಿರುಗುವ ದೊಡ್ಡ ಸಿಹಿನೀರ ಸಿಗಡಿಗೂ ಇದೇ ಒಡ್ಡು ಅಡ್ಡಿಯಾಯಿತು.

ಕೊಚ್ಚಿಯಲ್ಲಿ ಕೇಂದ್ರಸ್ಥಾನವುಳ್ಳ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನ ಸಂಸ್ಥೆಯ ಲೆಕ್ಕದಂತೆ, 2006ರಲ್ಲಿ ವೇಂಬನಾಡಿನಿಂದ ಸುಮಾರು 75 ಸಾವಿರ ಟನ್ನುಗಳಷ್ಟು ಕರಿಯ ಕಪ್ಪೆಚಿಪ್ಪು ದೊರೆತಿತ್ತು. 2019ರಲ್ಲಿ ಅದು ಸುಮಾರು 42 ಸಾವಿರ ಟನ್ನುಗಳಿಗೆ ಇಳಿದಿತ್ತು. ಈ ಇಳಿಕೆಗೆ ಒಡ್ಡೊಂದೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ಬೆಳೆಯದ ಮರಿಚಿಪ್ಪುಗಳನ್ನು ಗೋರುವುದು, ಮಾಲಿನ್ಯ, ಹೂಳು ಇವೆಲ್ಲ ಕೂಡಿಕೊಂಡಿವೆ. ಮರಿಚಿಪ್ಪುಗಳನ್ನು ದಟ್ಟವಾಗಿರುವ ಸ್ಥಳದಿಂದ ತಂದು ಬರಿದಾದ ತಳಗಳಲ್ಲಿ ಬಿತ್ತಿ, ಬೆಳೆದ ಮೇಲೆ ಕೊಯ್ಯುವ ಪ್ರಯೋಗವನ್ನು ಆ ಸಂಸ್ಥೆಯು ಸ್ಥಳೀಯ ಬೆಸ್ತರ ಸಹಕಾರದಿಂದ ನಡೆಸಿದೆ. ಆದರೆ ಬೀಜ ಬಿತ್ತಿದ ಮಾತ್ರಕ್ಕೆ ಬೆಳೆ ಬರುವುದಿಲ್ಲ, ನೀರೂ ಅನುಕೂಲವಾಗಿರಬೇಕು.

ರೈತನ ಬೇಡಿಕೆಯೂ ನ್ಯಾಯವಾದುದು, ಚಿಪ್ಪು ಆಯುವವನ ಬೇಡಿಕೆಯೂ ನ್ಯಾಯವಾದುದು ಎಂಬುದೇ ಇಲ್ಲಿಯ ಕಷ್ಟ. ಒಬ್ಬನಿಗೆ ಬಾಗಿಲು ಮುಚ್ಚಿರಬೇಕು, ಮತ್ತೊಬ್ಬನಿಗೆ ತೆರೆದಿರಬೇಕು. ಪರಿಹಾರವಿರುವುದು ಕಾಲನಿಯಮದಲ್ಲಿ. ಬಿತ್ತನೆಯನ್ನು ಗೊತ್ತಾದ ದಿನಗಳೊಳಗೆ ಎಲ್ಲರೂ ಕೂಡಿ ಮುಗಿಸಿದರೆ ಕೊಯ್ಲೂ ಗೊತ್ತಾದ ಕಾಲಕ್ಕೆ ಮುಗಿಯುತ್ತದೆ, ಬಾಗಿಲನ್ನೂ ಗೊತ್ತಾದ ದಿನ ತೆರೆಯಬಹುದು. ಬೆಳೆಗೆ ಇಂತಹ ಒಂದು ಪಂಚಾಂಗವನ್ನು ಪಾಲಿಸಬೇಕೆಂಬ ಸಲಹೆ ತಜ್ಞರಿಂದ ಬಂದಿದೆ. ನೀರಿಗೆ ತನ್ನದೇ ಪಂಚಾಂಗವಿದೆ. ಮನುಷ್ಯನ ಪಂಚಾಂಗವು ಅದಕ್ಕೆ ಹೊಂದಿಕೊಂಡಾಗ ಇಬ್ಬರ ಬಾಳೂ ನಡೆಯುತ್ತದೆ.

ಅಷ್ಟಮುಡಿಯ ಪಾಠ

ವೇಂಬನಾಡಿನ ದಕ್ಷಿಣಕ್ಕೆ ಕೊಲ್ಲಂ ಬಳಿ ಇರುವ ಅಷ್ಟಮುಡಿಯು ಕವಲುಗಳಾಗಿ ಹರಡಿಕೊಂಡ ಹಿನ್ನೀರು. ನೀಂಡಕರದಲ್ಲಿ ಅದು ಕಡಲನ್ನು ಸೇರುತ್ತದೆ. ಉಪ್ಪನ್ನು ಬಯಸುವ ಪಾಫಿಯಾ ಇಲ್ಲಿ ಕಡಲಬಾಯಿಯ ಹತ್ತಿರದ ತಳಗಳಲ್ಲಿ ಹೇರಳವಾಗಿ ಬೆಳೆಯುತ್ತದೆ. 1980ರ ದಶಕದ ಆರಂಭದಲ್ಲಿ ಹೊರದೇಶಗಳಿಂದ ಬೇಡಿಕೆ ಬಂದುದರಿಂದ ಚಿಪ್ಪಿನ ಹಿಡುವಳಿ ಭರದಿಂದ ಏರಿ, 1991ರಲ್ಲಿ 10 ಸಾವಿರ ಟನ್ನುಗಳನ್ನು ಮುಟ್ಟಿತು. ಎರಡೇ ವರ್ಷಗಳಲ್ಲಿ ಅದು ಅರ್ಧಕ್ಕೆ ಕುಸಿಯಿತು. ಇಲ್ಲಿ ಕೆಟ್ಟುದು ನೀರಲ್ಲ, ಮನುಷ್ಯನ ಮಿತಿ.

ಆಗ ಸಂಶೋಧಕರೂ ಬೆಸ್ತರೂ ಕೂಡಿ ಕೆಲವು ಕಟ್ಟಳೆಗಳನ್ನು ಏರ್ಪಡಿಸಿಕೊಂಡರು. ಮಳೆಗಾಲ ಕಳೆದು ಲವಣತೆ ಮತ್ತೆ ಏರಿ ಚಿಪ್ಪುಗಳು ಮರಿಮಾಡುವ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಿಡಿಯಬಾರದು. ಮರಿಗಳು ನುಸುಳಿ ಪಾರಾಗುವಂತೆ ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಕಿರಿದಾಗಿರಬಾರದು ಎಂಬುವು ಅವುಗಳಲ್ಲಿ ಮುಖ್ಯವಾದುವು. ನೀರು ಅನುಕೂಲವಾಗಿಯೇ ಇದ್ದುದರಿಂದ, ಬಿಡುವು ದೊರೆತೊಡನೆ ಚಿಪ್ಪುಗಳು ಚೇತರಿಸಿಕೊಂಡವು. ಈ ಮೀನುಗಾರಿಕೆಗೆ 2014ರಲ್ಲಿ ಮರೀನ್ ಸ್ಟೂಅರ್ಡ್‌ಶಿಪ್ ಕೌನ್ಸಿಲ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪ್ರಮಾಣಪತ್ರ ದೊರೆಯಿತು. ಭಾರತದಲ್ಲಿ ಆ ಮನ್ನಣೆಯನ್ನು ಪಡೆದ ಮೊದಲನೆಯ ಮೀನುಗಾರಿಕೆ ಇದೇ.

ಉತ್ತರ ಕನ್ನಡದ ಅಳಿವೆಗಳು

ಕರ್ನಾಟಕದ ಕರಾವಳಿಯಲ್ಲಿ ವೇಂಬನಾಡಿನಷ್ಟು ವಿಸ್ತಾರವಾದ ಹಿನ್ನೀರುಗಳಿಲ್ಲ. ಆದರೆ ನದಿ ಕಡಲುಗಳು ಕೂಡುವ ಅಳಿವೆಗಳಲ್ಲಿ ಅದೇ ಉಪ್ಪು ಸಿಹಿಗಳ ಆಟ ನಡೆಯುತ್ತದೆ. ಮೇಲೆ ಹೇಳಿದ ತತ್ತ್ವಗಳೆಲ್ಲ ಇಲ್ಲಿಯೂ ಅನ್ವಯಿಸುತ್ತವೆ. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಕಡಲನ್ನು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಅದರ ಅಳಿವೆಯಲ್ಲಿ ಮಳೆಗಾಲಕ್ಕೆ ಸಿಹಿ, ಬೇಸಗೆಗೆ ಉಪ್ಪು ಎಂಬ ನಿಸರ್ಗದ ನಿಯಮ ಭಂಗವಿಲ್ಲದೆ ನಡೆದುಕೊಂಡು ಬಂದಿದೆ. ಆದುದರಿಂದಲೇ ಅಲ್ಲಿ ಹಲವು ಜಾತಿಯ ಚಿಪ್ಪುಗಳು ಒಟ್ಟಿಗೆ ಬಾಳುತ್ತವೆ. ಇಳಿತದ ವೇಳೆಯಲ್ಲಿ ಬುಟ್ಟಿ ಹಿಡಿದು ಬಳಚು ಆಯುವ ಹೆಂಗಸರ ಸಾಲು ಅಲ್ಲಿಯ ನಿತ್ಯದ ನೋಟ. ಅಳಿವೆಯ ಅಂಚಿನ ಗಜನಿ ಗದ್ದೆಗಳಲ್ಲಿ ಉಪ್ಪನ್ನು ಸಹಿಸುವ ಕಗ್ಗ ಎಂಬ ಬತ್ತದ ತಳಿಯನ್ನು ಬೆಳೆಯುವ ರೂಢಿಯೂ ಉಂಟು. ಉಪ್ಪನ್ನು ಹೊರಗಟ್ಟದೆ ಅದರೊಡನೆ ಹೊಂದಿಕೊಂಡು ಬತ್ತ ಬೆಳೆಯುವ ಈ ಜಾಣ್ಮೆಯನ್ನು ಕುಟ್ಟನಾಡಿನ ಒಡ್ಡಿನೊಡನೆ ಹೋಲಿಸಿ ನೋಡುವುದು ಬೋಧಪ್ರದ. ಈ ಅಳಿವೆಯು 2024ರಲ್ಲಿ ರಾಮ್‌ಸರ್ ಪಟ್ಟಿಗೆ, ಎಂದರೆ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿತು.

ಇದಕ್ಕೆ ದಕ್ಷಿಣದ ಶರಾವತಿಯ ಸ್ಥಿತಿ ಬೇರೆ. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ವಿದ್ಯುದಾಗಾರಗಳಿಂದ ಹೊರಬರುವ ನೀರು ಬೇಸಗೆಯಲ್ಲಿಯೂ ಹೊನ್ನಾವರದ ಅಳಿವೆಯ ಕಡೆಗೆ ಹರಿಯುವುದರಿಂದ ಅಲ್ಲಿಯ ಉಪ್ಪು ಏರಬೇಕಾದಷ್ಟು ಏರುವುದಿಲ್ಲ. ಉತ್ತರ ಕನ್ನಡದ ಅಳಿವೆಗಳನ್ನು ಹೋಲಿಸಿ ನೋಡಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, ಅಘನಾಶಿನಿಯಲ್ಲಿ ಚಿಪ್ಪುಗಳ ವೈವಿಧ್ಯ ಸಮೃದ್ಧವಾಗಿದ್ದು ಶರಾವತಿಯಲ್ಲಿ ತೀರ ಕ್ಷೀಣವಾಗಿರುವುದನ್ನು ಗುರುತಿಸಿ, ಲವಣತೆಯ ಇಳಿಕೆಯೇ ಅದಕ್ಕೆ ಕಾರಣವೆಂದು ತೋರಿಸಿದ್ದಾರೆ. ವೇಂಬನಾಡಿನಲ್ಲಿ ಉಪ್ಪನ್ನು ತಡೆದರು. ಇಲ್ಲಿ ಸಿಹಿಯನ್ನು ಅಕಾಲದಲ್ಲಿ ಹರಿಸಿದರು. ದಾರಿ ಬೇರೆಯಾದರೂ ಪರಿಣಾಮ ಒಂದೇ.

ಉಪಸಂಹಾರ

ಈವರೆಗಿನ ವಿಚಾರದಿಂದ ಫಲಿಸುವ ಮುಖ್ಯವಾದ ಮಾತು ಇದು. ಹಿನ್ನೀರಿನ ಚಿಪ್ಪುಜೀವಿಗೆ ಬೇಕಾದುದು ಕೇವಲ ಉಪ್ಪಲ್ಲ, ಕೇವಲ ಸಿಹಿಯಲ್ಲ. ಕಾಲಕಾಲಕ್ಕೆ ಒಂದರ ಹಿಂದೆ ಒಂದು ಬರುವ ಅವುಗಳ ಕ್ರಮ. ಮಳೆಗಾಲದ ಸಿಹಿನೀರು ಪೋಷಕಾಂಶಗಳನ್ನು ತಂದು ಆಹಾರವನ್ನು ಸಿದ್ಧಪಡಿಸುತ್ತದೆ. ಬೇಸಗೆಯ ಉಪ್ಪುನೀರು ಸಂತಾನವನ್ನು ಬೆಳೆಸುತ್ತದೆ. ದಿನದಿನದ ಉಬ್ಬರವಿಳಿತಗಳು ಉಣಿಸುತ್ತವೆ, ತೊಳೆಯುತ್ತವೆ. ಸ್ವಾತಿಯ ಮಳೆ ಬೀಳುವುದು ಅಕ್ಟೋಬರಿನ ಕೊನೆ ನವೆಂಬರಿನ ಆದಿಯಲ್ಲಿ. ಮಳೆಗಾಲ ಮುಗಿಯುತ್ತ ಬಂದು ಹಿನ್ನೀರಿಗೆ ಉಪ್ಪು ಮರಳತೊಡಗುವ ಸಂಧಿಕಾಲ ಅದು. ಚಿಪ್ಪಿನ ಭಾಗ್ಯವನ್ನು ಆ ನಕ್ಷತ್ರಕ್ಕೆ ಕಟ್ಟಿದ ಪ್ರಾಚೀನರ ಮಾತಿನಲ್ಲಿ ಮುತ್ತಿನ ವಿಷಯ ಕಲ್ಪನೆಯಾದರೂ ಕಾಲದ ವಿಷಯ ನಿರರ್ಥಕವಲ್ಲ.

ಪ್ರತಿಕೂಲವಾದ ನೀರು ಬಂದಾಗ ಚಿಪ್ಪು ತನ್ನ ಎರಡು ಕದಗಳನ್ನು ಮುಚ್ಚಿಕೊಂಡು ಕೆಲವು ದಿನ ತಾಳಬಲ್ಲದು. ತಿಂಗಳುಗಟ್ಟಲೆ ತಾಳಲಾರದು. ಆದುದರಿಂದ ನದಿಗೆ ಅಣೆಕಟ್ಟು ಕಟ್ಟುವವರೂ, ಹಿನ್ನೀರಿಗೆ ಬಾಗಿಲು ಇಡುವವರೂ ಎಷ್ಟು ನೀರು ಎಂಬುದನ್ನು ಮಾತ್ರವಲ್ಲ, ಯಾವಾಗ ನೀರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಂಜಿನಿಯರರಾಗಿ, ಕೃಷಿಕರಾಗಿ, ಅಧಿಕಾರಿಗಳಾಗಿ ಮುಂದೆ ಇಂತಹ ಹೊಣೆಯನ್ನು ಹೊರಬೇಕಾದವರು ಇಂದಿನ ವಿದ್ಯಾರ್ಥಿಗಳೇ. ಕೆಸರಿನಲ್ಲಿ ಹುದುಗಿರುವ ಮೂಕಜೀವಿಯ ಅಗತ್ಯವನ್ನೂ, ಅದನ್ನು ನಂಬಿ ಇಳಿತದ ನೀರಿಗೆ ಇಳಿಯುವ ಬಡ ಹೆಂಗಸಿನ ಅಗತ್ಯವನ್ನೂ ಅವರು ಆಗ ನೆನೆದರೆ, ಈ ವಿಷಯವನ್ನು ಓದಿದುದು ಸಾರ್ಥಕವಾಗುತ್ತದೆ.